ಮೂವತ್ಮೂರು ಅಡಿ

ಪಟ್ಟಿಯ ನಡುವ ಗೆರಿ ಎಳದು ಕುಂತಾಳ ಅಮರಿ.
ಎಡಕ್ಕ ಲಾಭ, ಬಲಕ್ಕ ಹಾನಿ.
ರಾಜ್ಯವಿಸ್ತಾರ, ಐದು ಅಂಕ.
"ಹೇಳು ತಾತ, ನೀ ಸರ್ವೇ ಆಫೀಸಿನಾಗ ಇದ್ದಾವಲ್ಲ."

ಇದ್ದೆ. ಸರಪಳಿ ಎಳಿಯಾವ.
ಮೂವತ್ಮೂರು ಅಡಿ, ಹದಿನಾರು ಆಣೆ.
ಎಡೆದೊರೆ ನಾಡಿನ ಎರಿ ಹೊಲದಾಗ
ಕಾಲಿಗೆ ಅರ್ಧ ಸೇರು ಮಣ್ಣು ಮೆತ್ತಿಕೊಂಡು
ಮೂವತ್ತು ವರ್ಷ ನಡದೆ.
ಎರಡು ಹೊಳಿ ನಡುವಿನ ಈ ನೆಲಾನ
ಯಾರ್ಯಾರು ಎಷ್ಟು ಸಲ ಕಸಗೊಂಡ್ರು
ಅಂಬೋದು ನಿನ್ನ ಪುಸ್ತಕದಾಗೇ ಅದ.
ನನಗ ಗೊತ್ತಿರೋದು ಹೊಲದ ಹೆಸರು:
ಡೇರೆ ಹೊಲ. ಕುದುರಿ ಮಡು. ತಲಿಗುಂಡಿ.
ಪಹಣಿಯಾಗ ಬರೇ ನಂಬರ ಇರ್ತದ.

ಲಾಭದಾಗ ನನ್ನ ಹೆಸರು ಬರಕೋ.
ಮುದಗಲ್ಲಿನ ಅಲಾಯಿಗೆ ನಮ್ಮವ್ವ ಹರಕಿ ಹೊತ್ತು
ಹಡದದ್ದಕ್ಕ ಹುಸೇನಪ್ಪ.
ಕುದುರಿ ಏರಿದವರು ಈ ಕಡೆ ಬರದಿದ್ರ
ನಾ ಯಾರಾಗಿರತಿದ್ನೋ.
ಜಮೀನು, ರಸೀದಿ, ಜಮಾಬಂದಿ,
ಕತ್ತಿಯ ಹಿಂದ ನಡಕೊಂತ ಬಂದ ಮಾತು.
ಕತ್ತಿ ತುಕ್ಕು ತಿಂತು, ಇವು ಬಾಯಾಗ ಉಳದವು.
ಖುಷಿ ಅಂಬೋದೂ ಅವರದೇ.
"ಅದಕ್ಕ ಮೊದಲು ನಮಗ ಖುಷಿ ಇರಲಿಲ್ಲೇನು?"
ಇತ್ತವ್ವ. ಬ್ಯಾರೆ ಹೆಸರಿಲೆ ಇತ್ತು.

ಆನೆಗುಂದಿ ಕಡೆ ರಾಯರು ತೋಡಿಸಿದ ಕಾಲುವಿ
ಈಗೂ ನೆಲ್ಲಿಗೆ ನೀರು ಕೊಡ್ತದ, ಎಡಕ್ಕ ಹಾಕು.
ಬುಟ್ಟಿ ಹೊತ್ತವರು ಕೂಲಿಯವರೋ,
ಸೋತ ಊರಿಂದ ಹಿಡಕೊಂಡು ಬಂದವರೋ,
ನೀರಿಗೆ ಗೊತ್ತಿರಬೇಕು, ಹೇಳಂಗಿಲ್ಲ.
"ಹಂಗಾದ್ರ ಬಲಕ್ಕ ಹಾಕ್ಲಾ?"
ಗೆರಿ ಮ್ಯಾಲೇ ಬರಿ.

ನಮ್ಮ ಬಾಗಿಲಿಗೆ ಒತ್ತುಕೊಟ್ಟ ಆ ಗುಂಡುಕಲ್ಲು
ಕುದುರಿ ಮಡುವಿನಾಗ ನೇಗಿಲಿಗೆ ಸಿಕ್ಕದ್ದು, ತೋಪಿಂದು.
ಅದರಲೇ ನಮ್ಮವ್ವ ನಲವತ್ತು ವರ್ಷ ಖಾರ ಅರದಳು.
ಯಾರ ಎದಿಗೆ ಹೊಂಟಿತ್ತೋ,
ತಪ್ಪಿ ನೆಲಕ್ಕ ಬಿತ್ತೋ, ತಪ್ಪಲಿಲ್ಲೋ.
ಚಟ್ನಿ ಮಾತ್ರ ರುಚಿ ಇತ್ತು.

ನಲವತ್ತೆಂಟರಾಗ ನಾ ಆರು ವರ್ಷದಾವ.
ಊರು ಇದ್ದಲ್ಲೇ ಇತ್ತು,
ದೇಶ ಬಂದು ನಮ್ಮನ್ನ ಕೂಡಿಸಿಗೊಂತು.
ರಾತ್ರಿ ಅಂಜಿಕಿ ಹೋತು ಅಂತ
ಅಪ್ಪ ಓಣಿ ತುಂಬ ಬೆಲ್ಲ ಹಂಚಿದ.
ಬಾಜೂ ಮನಿ ರಸೂಲಬೀ ಇಸಗೊಂಡು
ಸೆರಗಿನ ತುದಿಗೆ ಕಟಗೊಂಡ್ಲು.
ಆಕಿ ಗಂಡ ಆ ವಾರ ಗುಲಬರ್ಗಾ ಕಡೆ ಹೋದಾವ.
ಆ ಗಂಟಿಗೆ ಇರಿವಿ ಹತ್ತಿದ್ದು ನಾ ನೋಡೀನಿ,
ಬಿಚ್ಚಿದ್ದು ನೋಡಿಲ್ಲ.

ಇನ್ನೊಂದು ಅದ, ಅದನ್ನ ಬರೀಬ್ಯಾಡ.
ಬಸಾಪುರದ ದೊಡ್ಡಕರಿಯಪ್ಪ ಒಂದಿನ
ನನಗ ಹೋಳಿಗಿ ತುಪ್ಪದ ಊಟ ಹಾಕಿದ.
ಹೊತ್ತು ಇಳಿವಾಗ ಅವನ ತಮ್ಮನ ಪಾಲು ಅಳದ್ವಿ.
ಪ್ರತಿ ಸಲ ಎರಡು ಕೊಂಡಿ ಮಡಚಿ ಹಿಡದೆ.
ಬಾಂದುಗಲ್ಲು ನಾಕು ಮಾರು ಸರೀತು.
ಆ ನಾಕು ಮಾರಿನಾಗ ಅಣ್ಣ ಬಾವಿ ತೋಡಿಸಿದ.
ಸಿಹಿನೀರು ಬಂತು,
ಬರಗಾಲದಾಗ ಊರಿಗೆಲ್ಲ ಕೊಟ್ಟ, ಸುಳ್ಳಲ್ಲ.
ತಮ್ಮ ಹನುಮೇಶಿ ದಾರ್ಯಾಗ ಸಿಕ್ಕಾಗೆಲ್ಲ
ನನ್ನ ಮಾರಿ ನೋಡತಿರಲಿಲ್ಲ,
ಹೆಗಲ ಮ್ಯಾಲಿನ ಸರಪಳಿ ನೋಡತಿದ್ದ.

ಸಂಜಿಗೆ ಅಮರಿನ್ನ ಕೋಟಿಗೆ ಕರಕೊಂಡು ಹೋದೆ.
ಗ್ವಾಡಿಯಾಗಿನ ಆ ಉದ್ದನ ಕಲ್ಲು
ವಯಸ್ಸಿನಾಗ ಒಮ್ಮೆ ಅಳದಿದ್ದೆ,
ಸರಪಳಿ ಮುಗೀತು, ಕಲ್ಲು ಮುಗೀಲಿಲ್ಲ.
ಅದರಾಗ ಕಟ್ಟಿಸಿದವರ ಹೆಸರದ.
ಅಲ್ಲೇ ಸಣ್ಣದಾಗಿ ಚಿತ್ರ ಕೊರದಾರ:
ಅದೇ ಕಲ್ಲು ಬಂಡಿ ಮ್ಯಾಲ,
ಮುಂದ ಸಾಲುಗಟ್ಟಿ ಕೋಣ,
ಗಾಲಿಗೆ ಸನ್ನಿಗೋಲು ಕೊಟ್ಟು ಬಾಗಿದ ಮನಷ್ಯಾ.

ಅಮರಿ ಬೊಟ್ಟಿಟ್ಟು ಕೇಳಿದ್ಲು:
"ತಾತ, ಈತ ಬಂಡಿ ಮುಂದಕ್ಕ ನೂಕಾಕತ್ತಾನೋ,
ಇಳುಕಲಿನಾಗ ತಡದು ಹಿಡದಾನೋ?"

ಚಾಳೀಸು ಮನ್ಯಾಗೇ ಮರತಿದ್ದೆ.
ಬಗ್ಗಿ, ಕೈ ಆಡಿಸಿ ನೋಡಿದೆ.
ಮಾರಿ ಸವದು ಹೋಗ್ಯಾದ.
ಬೆನ್ನು ಹಂಗೇ ಅದ.